ಗಾಬರಿಗೆ ಉಪ್ಪೂ ಕಾರಣ



ಉಪ್ಪಿಗಿಂತ ರುಚಿಯಿಲ್ಲ ಅನ್ನುತ್ತೇವೆ. ಆದರೆ ಉಪ್ಪು ನಾಲಿಗೆಗೆ ಮಾತ್ರ ಬೇಕಾದ್ದಲ್ಲ. ನರಕ್ಕೂ ಬೇಕು, ಮಿದುಳಿಗೂ ಬೇಕು. ಇವತ್ತು ನಾವು ಈ ವಿಷಯ ಮಾತಾಡೋಣ.

ಮನೆಯಲ್ಲಿ ಅಜ್ಜಿಗೆ ಎರಡು ದಿನದಿಂದ ವಾಂತಿ-ಭೇದಿ. ಇದ್ದಕ್ಕಿದ್ದಂತೆ ಗಾಬರಿಪಡುತ್ತಾಳೆ. ಕೂತಲ್ಲಿ ಕೂರಲಾರಳು. ಮಗನನ್ನೇ 'ನೀನ್ಯಾರಪ್ಪ' ಅಂತಾಳೆ. ಆಗ ನಾವೇನು ಮಾಡುತ್ತೇವೆ? 'ಗಾಳಿ ಸೋಕಿದೆ' ಅನ್ನುತ್ತೇವೆ. ನಿವಾಳಿಸುತ್ತೇವೆ. ತಾಯತ ಕಟ್ಟಿಸುತ್ತೇವೆ. ಅಷ್ಟರಲ್ಲಿ ಹೊತ್ತು ಮೀರುತ್ತದೆ.

ಅದು ಗಾಳಿಯಲ್ಲ. ಮೈಯಲ್ಲಿ ಉಪ್ಪಿನಂಶ ಇಳಿದಿರಬಹುದು.

ಉಪ್ಪಿನಲ್ಲಿ ಸೋಡಿಯಂ ಎಂಬ ಅಂಶವಿದೆ. ಅದು ನಮ್ಮ ರಕ್ತದಲ್ಲೂ ಇದೆ. ವಾಂತಿ, ಭೇದಿ, ಬೆವರಿನ ಜೊತೆ ನೀರೂ ಹೋಗುತ್ತದೆ, ಸೋಡಿಯಂ ಕೂಡ ಹೋಗುತ್ತದೆ. ಬರೀ ನೀರು ಕುಡಿಸುತ್ತಾ ಹೋದರೆ ಸೋಡಿಯಂ ಇನ್ನೂ ತೆಳುವಾಗುತ್ತದೆ. ಆಗ ನೀರು ಮಿದುಳಿನ ಒಳಗೆ ಸೇರುತ್ತದೆ. ರಾತ್ರಿ ನೆನೆಹಾಕಿದ ಕಡಲೆ ಬೆಳಿಗ್ಗೆ ಉಬ್ಬಿರುತ್ತದಲ್ಲ, ಹಾಗೆ ಮಿದುಳು ಉಬ್ಬುತ್ತದೆ. ತಲೆಬುರುಡೆ ಗಟ್ಟಿ. ಉಬ್ಬಲು ಜಾಗವಿಲ್ಲ. ಅದಕ್ಕೇ ತಲೆನೋವು, ವಾಕರಿಕೆ, ಚಡಪಡಿಕೆ, ಗೊಂದಲ. ಹೆಚ್ಚಾದರೆ ಫಿಟ್ಸ್ ಬರುತ್ತದೆ. ಎಚ್ಚರ ತಪ್ಪುತ್ತದೆ. ಜೀವಕ್ಕೇ ಅಪಾಯ.

ಬಿ.ಪಿ.ಗೆ ಕೊಡುವ ಕೆಲವು ಗುಳಿಗೆಗಳು ಮೂತ್ರ ಹೆಚ್ಚಿಸುತ್ತವೆ. ಅವುಗಳಿಂದಲೂ ವಯಸ್ಸಾದವರಲ್ಲಿ ಸೋಡಿಯಂ ಇಳಿಯಬಹುದು. ಹಾಗಂತ ಗುಳಿಗೆಯನ್ನು ನಾವೇ ನಿಲ್ಲಿಸಬಾರದು. ಡಾಕ್ಟರನ್ನು ಕೇಳಬೇಕು.

ಭೇದಿ ಶುರುವಾದ ಕೂಡಲೇ ಓ.ಆರ್.ಎಸ್. ಕುಡಿಸೋಣ. ಆಶಾ ಕಾರ್ಯಕರ್ತೆಯರ ಬಳಿ ಪೊಟ್ಟಣ ಕೇಳೋಣ. ಸಿಗದಿದ್ದರೆ ಮನೆಯಲ್ಲೇ ಮಾಡೋಣ. ಕುದಿಸಿ ಆರಿಸಿದ ನೀರು 1 ಲೀಟರ್. ಸಕ್ಕರೆ 6 ಚಹಾ ಚಮಚ. ಉಪ್ಪು ಅರ್ಧ ಚಹಾ ಚಮಚ. ಚಮಚ ಮಟ್ಟಸವಾಗಿರಲಿ, ಗೋಪುರ ಬೇಡ. 1971ರಲ್ಲಿ ಬಾಂಗ್ಲಾ ಯುದ್ಧದ ಕಾಲದಲ್ಲಿ ನಿರಾಶ್ರಿತರಿಗೆ ಕಾಲರಾ ಬಂತು. ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸ್ ಇಂಥ ಉಪ್ಪು-ಸಕ್ಕರೆಯ ನೀರನ್ನೇ ಕುಡಿಸಿ ಸಾವಿರಾರು ಜೀವ ಉಳಿಸಿದರು.

ಆದರೆ ಗೊಂದಲ ಶುರುವಾಗಿದ್ದರೆ ಮನೆಮದ್ದು ಸಾಲದು. ತಡಮಾಡದೆ 108ಕ್ಕೆ ಫೋನ್ ಮಾಡೋಣ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬಾರದು. ಆಸ್ಪತ್ರೆಯಲ್ಲಿ 'ಸೋಡಿಯಂ ನೋಡಿದಿರಾ?' ಎಂದು ಕೇಳೋಣ. ಚೀಟಿಯಲ್ಲಿ 135ರಿಂದ 145ರ ಒಳಗಿದ್ದರೆ ಸರಿ. ಅಂಕಿ ಓದಲು ನಮಗೆ ಈಗ ಬರುತ್ತದಲ್ಲ! ಕೇಳಲು ಅಂಜಿಕೆ ಯಾಕೆ?

ಇನ್ನೊಂದು ಮಾತು. ಎಲ್ಲ ಗಾಬರಿಗೂ ಉಪ್ಪು ಕಾರಣವಲ್ಲ. ಸಾಲ, ಜಗಳ, ಕುಡುಕ ಗಂಡ, ಮಗಳ ಮದುವೆ, ಇವೂ ನಿದ್ದೆ ಕೆಡಿಸುತ್ತವೆ. ಅದಕ್ಕೆ ಉಪ್ಪು ತಿಂದರೆ ಪ್ರಯೋಜನವಿಲ್ಲ. ಉಪ್ಪು ಹೆಚ್ಚಾದರೆ ಬಿ.ಪಿ. ಏರುತ್ತದೆ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚದೊಳಗೆ ಇರಲಿ. ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಅದರಲ್ಲೇ ಸೇರಿತು. ಮನಸ್ಸಿನ ಭಾರವನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳೋಣ. ಕಡಿಮೆಯಾಗದಿದ್ದರೆ ಡಾಕ್ಟರಿಗೂ ಹೇಳೋಣ. ಅದರಲ್ಲಿ ನಾಚಿಕೆಯಿಲ್ಲ.

ಈ ಪಾಠವನ್ನು ಇವತ್ತೇ ಮನೆಯವರಿಗೆ ಓದಿ ಹೇಳೋಣ. ಓದು ಬಾರದ ನೆರೆಮನೆಯ ಅಜ್ಜಿಗೂ ಓದಿ ಹೇಳೋಣ.