ಕೋಶ ಎರಡಾಗುವಾಗ ಪೊರೆ ಮಾಡುವ ಕೆಲಸ



ಕೋಶವಿಭಜನೆಯ ಚಿತ್ರವನ್ನು ನೀವೆಲ್ಲ ಬರೆದಿರುತ್ತೀರಿ. ವರ್ಣತಂತುಗಳು ದಪ್ಪಗಾಗುವುದು, ನಡುವೆ ಸಾಲುಗಟ್ಟುವುದು, ಎರಡು ಧ್ರುವಗಳತ್ತ ಸರಿಯುವುದು, ಇವನ್ನೆಲ್ಲ ಬಣ್ಣದ ಪೆನ್ಸಿಲ್ ಹಿಡಿದು ಎಚ್ಚರದಿಂದ ಬರೆಯುತ್ತೀರಿ. ಸುತ್ತಲಿನ ಕೋಶಪೊರೆಗೆ ಮಾತ್ರ ಒಂದು ಗೆರೆ ಎಳೆದು ಮುಗಿಸುತ್ತೀರಿ. ಕಿರುತೆರೆಯ ಚಿತ್ರಗಳಲ್ಲೂ ವಾಡಿಕೆ ಇದೇ. ಆದರೆ ವರ್ಣತಂತುಗಳು ಎಷ್ಟೇ ಸರಿಯಾಗಿ ಪಾಲಾಗಲಿ, ಆ ಗೆರೆ ತನ್ನ ಕೆಲಸ ಮಾಡದಿದ್ದರೆ ಕೋಶ ಎರಡಾಗುವುದಿಲ್ಲ.

ಮೊದಲು ಈ ಪೊರೆ ಎಂತಹುದೆಂದು ನೋಡೋಣ. ಇದರ ದಪ್ಪ ಸುಮಾರು 5 ನ್ಯಾನೋಮೀಟರ್. ಅಂದರೆ ಒಂದು ಮಿಲಿಮೀಟರನ್ನು ಎರಡು ಲಕ್ಷ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗ. ಲಿಪಿಡ್ ಎಂಬ ಕೊಬ್ಬಿನ ಜಾತಿಯ ಅಣುಗಳು ಇದರ ಮುಖ್ಯ ಸಾಮಗ್ರಿ. ಇವುಗಳ ತಲೆ ನೀರನ್ನು ಬಯಸುತ್ತದೆ, ಬಾಲಗಳು ನೀರಿನಿಂದ ದೂರ ಸರಿಯುತ್ತವೆ. ಆದ್ದರಿಂದ ಬಾಲಗಳು ಒಳಮುಖವಾಗಿ, ಅಣುಗಳು ಎರಡು ಪದರಗಳಲ್ಲಿ ನಿಲ್ಲುತ್ತವೆ. 1925ರಲ್ಲಿ ಹಾಲೆಂಡಿನ ಗಾರ್ಟರ್ ಮತ್ತು ಗ್ರೆಂಡೆಲ್ ಕೆಂಪು ರಕ್ತಕಣಗಳ ಲಿಪಿಡ್‌ಗಳನ್ನು ನೀರಿನ ಮೇಲೆ ಹರಡಿ ಅಳೆದು, ಈ ಎರಡು ಪದರಗಳ ವಿಚಾರವನ್ನು ಮುಂದಿಟ್ಟರು. 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್, ಪೊರೆ ಗಟ್ಟಿ ಗೋಡೆಯಲ್ಲ, ಅಣುಗಳು ಅದರಲ್ಲಿ ಅತ್ತಿತ್ತ ಹರಿದಾಡುತ್ತವೆ ಎಂದು ವಿವರಿಸಿದರು. ಸಾರಿನ ಮೇಲೆ ತೇಲುವ ಎಣ್ಣೆಯನ್ನು ನೆನೆದರೆ ಈ ಹರಿದಾಟ ಊಹೆಗೆ ಸಿಗುತ್ತದೆ.

ಈಗ ಒಂದು ಲೆಕ್ಕ. ದುಂಡನೆಯ ಒಂದು ರಾಗಿಮುದ್ದೆಯನ್ನು ಎರಡು ಸಮನಾದ ಮುದ್ದೆ ಮಾಡಿ. ಹಿಟ್ಟು ಅಷ್ಟೇ ಇರುತ್ತದೆ, ಮೇಲ್ಮೈ ಮಾತ್ರ ಸುಮಾರು ನೂರಕ್ಕೆ 26ರಷ್ಟು ಹೆಚ್ಚುತ್ತದೆ. ಗೋಳದ ಸೂತ್ರ ಬಲ್ಲವರು ಇದನ್ನು ಲೆಕ್ಕ ಹಾಕಿ ನೋಡಬಹುದು. ದುಂಡನೆಯ ಕೋಶ ಎರಡಾದಾಗಲೂ ಹೊದಿಕೆ ಹೆಚ್ಚು ಬೇಕು. ಪೊರೆ ಒದಗಿಸುವುದು ಲಿಪಿಡ್‌ಗಳ ಮೊದಲ ಕೆಲಸ.

ಎರಡನೆಯದು ಹಿಡಿತ. ಪ್ರಾಣಿಕೋಶದ ನಡುವೆ ಆಕ್ಟಿನ್ ಮತ್ತು ಮಯೋಸಿನ್ ಪ್ರೋಟೀನುಗಳ ಉಂಗುರವೊಂದು ಏರ್ಪಟ್ಟು, ಚೀಲದ ಲಾಡಿಯಂತೆ ಬಿಗಿಯುತ್ತದೆ. ಲಾಡಿಯನ್ನು ಚೀಲಕ್ಕೆ ಪೋಣಿಸಿರದಿದ್ದರೆ ಎಳೆದಾಗ ಲಾಡಿ ಮಾತ್ರ ಕೈಗೆ ಬರುತ್ತದೆ, ಅಲ್ಲವೇ? ಪಿಐಪಿ-2 ಎಂಬ ಲಿಪಿಡ್ ಆ ಜಾಗದಲ್ಲಿ ಸೇರಿ, ಉಂಗುರ ಪೊರೆಗೆ ಹತ್ತಿಕೊಂಡಿರಲು ನೆರವಾಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಕುತೂಹಲದ್ದು. ಬಿಗಿದ ಉಂಗುರ ಕೊನೆಗೆ ಬಿಚ್ಚಿಕೊಳ್ಳಲೂ ಬೇಕು. ಫಾಸ್ಫಟಿಡೈಲ್ ಎಥನಾಲಮೀನ್ ಎಂಬ ಲಿಪಿಡ್ ಸಾಮಾನ್ಯವಾಗಿ ಪೊರೆಯ ಒಳಪದರದಲ್ಲಿರುತ್ತದೆ. ವಿಭಜನೆಯ ಕೊನೆಯ ಹಂತದಲ್ಲಿ, ಕೋಶದ ಸೊಂಟ ಕಿರಿದಾದ ಕಡೆ, ಅದು ಹೊರಪದರದಲ್ಲೂ ಕಾಣಿಸಿಕೊಳ್ಳುತ್ತದೆಂದು ಜಪಾನಿನ ಎಮೊಟೊ, ಉಮೆಡ ಮತ್ತು ಸಂಗಡಿಗರು 1996ರಲ್ಲಿ ತೋರಿಸಿದರು. ಆ ಲಿಪಿಡನ್ನು ಮಾತ್ರ ಹಿಡಿದುಕೊಳ್ಳುವ ಒಂದು ಪೆಪ್ಟೈಡಿನಿಂದ ಅದನ್ನು ಕದಲದಂತೆ ಮಾಡಿದಾಗ ಏನಾಯಿತು? ಕೋಶಕೇಂದ್ರಗಳು ಎರಡಾಗಿದ್ದವು, ಸೊಂಟವೂ ಕಿರಿದಾಗಿತ್ತು, ಆದರೆ ಉಂಗುರ ಬಿಚ್ಚಿಕೊಳ್ಳಲಿಲ್ಲ. ಮರಿಕೋಶಗಳೆರಡೂ ಉದ್ದನೆಯ ಸೇತುವೆಯೊಂದರಿಂದ ಅಂಟಿಕೊಂಡೇ ಉಳಿದವು. ಪೆಪ್ಟೈಡನ್ನು ತೆಗೆದೊಡನೆ ತಡೆ ನೀಗಿತು. 2000ದಲ್ಲಿ ಪ್ರಕಟವಾದ ಈ ಪ್ರಯೋಗ, ಲಿಪಿಡಿನ ಸ್ಥಾನಪಲ್ಲಟವೂ ಕೋಶಕ್ಕೆ ಒಂದು ಸೂಚನೆಯಾಗಬಲ್ಲದು ಎಂಬುದನ್ನು ಎತ್ತಿ ತೋರಿಸಿತು.

2014ರಲ್ಲಿ ಉಲ್ರಿಕೆ ಎಗರ್ಟ್ ಅವರ ತಂಡ, ವಿಭಜನೆಯಲ್ಲಿ ತೊಡಗಿದ ಕೋಶಗಳಲ್ಲಿ ನಿರ್ದಿಷ್ಟ ರಚನೆಯ 11 ಲಿಪಿಡ್‌ಗಳು ಶೇಖರವಾಗುವುದನ್ನು ಗುರುತಿಸಿತು. ಕೋಶ ತನಗೆ ಬೇಕಾದ ಲಿಪಿಡನ್ನು ಬೇಕಾದ ಹೊತ್ತಿಗೆ ಕೂಡಿಸಿಕೊಳ್ಳುತ್ತದೆ ಎಂದಾಯಿತು.

ಇದರಿಂದ ನಮಗೇನು ಎಂದು ನೀವು ಕೇಳಬಹುದು. ಕೊನೆಯ ಬೇರ್ಪಡೆ ತಪ್ಪಿದರೆ ಒಂದೇ ಕೋಶದಲ್ಲಿ ಎರಡು ಕೋಶಕೇಂದ್ರಗಳು ಉಳಿಯುತ್ತವೆ. ಯಕೃತ್ತಿನಲ್ಲಿ ಅಂಥ ಕೋಶಗಳಿರುವುದು ಸಹಜ. ಬೇರೆಡೆ ಇದೇ ಎಡವಟ್ಟು ಮುಂದಿನ ವಿಭಜನೆಗಳಲ್ಲಿ ವರ್ಣತಂತುಗಳ ಲೆಕ್ಕ ಕೆಡಿಸಿ, ಕ್ಯಾನ್ಸರಿಗೆ ದಾರಿಯಾಗಬಲ್ಲದು. ವಿಭಜನೆಯನ್ನು ತಡೆಯುವ ಔಷಧಿಗಳನ್ನು ಅರಸುವವರು ಪ್ರೋಟೀನುಗಳ ಜೊತೆಗೆ ಲಿಪಿಡ್‌ಗಳತ್ತಲೂ ನೋಡುತ್ತಿರುವುದು ಇದಕ್ಕಾಗಿಯೇ. ಜೀವಶಾಸ್ತ್ರ ಓದುವ ನಿಮ್ಮಲ್ಲಿ ಕೆಲವರಾದರೂ ರಸಾಯನಶಾಸ್ತ್ರದ ಪುಸ್ತಕವನ್ನು ಪಕ್ಕಕ್ಕಿಡದೆ ಇದ್ದರೆ, ಈ ಕೆಲಸ ನಿಮಗಾಗಿ ಕಾದಿದೆ.