ದೇವರಾಜ ಮಾರುಕಟ್ಟೆಯ ಪ್ರಶ್ನೆ



ಮೈಸೂರಿನ ದೇವರಾಜ ಮಾರುಕಟ್ಟೆಯನ್ನು ಕೆಡವಿ ಕಟ್ಟಬೇಕೋ, ದುರಸ್ತಿಗೊಳಿಸಿ ಉಳಿಸಬೇಕೋ ಎಂಬ ವಾದವು ಇಂದುನಿನ್ನೆಯದಲ್ಲ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗವು ಕುಸಿದು ನಾಲ್ವರು ಅಸುನೀಗಿದರು. 2016ರ ಆಗಸ್ಟಿನಲ್ಲಿ, ದುರಸ್ತಿಯ ಕೆಲಸವು ನಡೆದಿರುವಾಗಲೇ, ಮಾರುಕಟ್ಟೆಯ ಉತ್ತರದ್ವಾರವು ಉರುಳಿತು. ಆದುದರಿಂದ ಕೆಡವಬೇಕೆನ್ನುವವರ ಅಂಜಿಕೆಯನ್ನು ನಾವು ಹಳಿಯಲಾರೆವು. ಜೀವಕ್ಕಿಂತ ಗಾರೆಯು ದೊಡ್ಡದಲ್ಲ.

ಆದರೆ ಪೇಟೆಯೆಂದರೆ ಬರಿಯ ಗೋಡೆಗಳೇ? ಮೊಳದ ಲೆಕ್ಕದಲ್ಲಿ ಮಲ್ಲಿಗೆಯನ್ನೂ, ಕಟ್ಟಿನ ಲೆಕ್ಕದಲ್ಲಿ ವೀಳ್ಯದೆಲೆಯನ್ನೂ, ನಂಜನಗೂಡಿನ ರಸಬಾಳೆಯನ್ನೂ ಮಾರುವವರು ಅಂದಂದಿನ ಗಿರಾಕಿಯನ್ನು ನಂಬಿ ಬದುಕತಕ್ಕವರು. ಹೊಸ ಕಟ್ಟಡವು ಏಳುವ ತನಕ ಅವರು ಎಲ್ಲಿ ಕುಳಿತು ವ್ಯಾಪಾರ ಮಾಡಬೇಕು? ಎದ್ದ ಮೇಲೆ ಮಳಿಗೆಯು ಅವರಿಗೇ ದೊರೆಯುವುದೇ? ಯಾವ ಬಾಡಿಗೆಗೆ? ಮಹಡಿಯ ಮೇಲೆ ಜಾಗ ಕೊಟ್ಟರೆ, ಎರಡು ಮೊಳ ಹೂವಿಗಾಗಿ ಮೆಟ್ಟಲೇರುವ ಪುಣ್ಯಾತ್ಮರು ಎಷ್ಟು ಮಂದಿ!

ನಾವು ಕೇಳುವುದಿಷ್ಟೆ. ಒಂದೊಂದು ಗೋಡೆಯನ್ನೂ ಬಲ್ಲವರು ಪರೀಕ್ಷಿಸಲಿ. ನಿಲ್ಲತಕ್ಕುದನ್ನು ಉಳಿಸಲಿ, ಬೀಳತಕ್ಕುದನ್ನು ಇಳಿಸಲಿ. ಆದರೆ ಮೊದಲ ಇಟ್ಟಿಗೆಯನ್ನು ಕೀಳುವ ಮುನ್ನ ಪ್ರತಿಯೊಬ್ಬ ವರ್ತಕನ ಹೆಸರು, ಮಳಿಗೆಯ ಅಳತೆ, ಮುಂದಿನ ಬಾಡಿಗೆ ಇವೆಲ್ಲವೂ ಬರಹದಲ್ಲಿ ನಮೂದಾಗಿ, ಆ ಪಟ್ಟಿಯು ನಗರಪಾಲಿಕೆಯ ಬಾಗಿಲಲ್ಲಿ ಎಲ್ಲರ ಕಣ್ಣಿಗೂ ಬೀಳುವಂತಿರಲಿ. ಬಾಯಿಮಾತಿನ ಭರವಸೆಯನ್ನು ನಂಬಿ ಅಂಗಡಿಯ ಬೀಗದಕೈಯನ್ನು ಒಪ್ಪಿಸಿರೆಂದು ನಾವು ಯಾವ ವರ್ತಕನಿಗೂ ಹೇಳಲಾರೆವು.