ಗಣಕದ ಆಟದಲ್ಲಿ ಗಡಿಯ ಜನ: ಕೊರಿಯಾದಿಂದ ಸುರಪುರದವರೆಗೆ



ಕಳೆದ ಬೇಸಿಗೆಯಲ್ಲಿ ನನ್ನ ಅಕ್ಕನ ಮಗ ಬೆಂಗಳೂರಿನಿಂದ ರಜೆಗೆಂದು ಐನಾಪುರಕ್ಕೆ ಬಂದಿದ್ದ. ಚಿಂಚೋಳಿ ತಾಲ್ಲೂಕಿನ ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ಮಧ್ಯಾಹ್ನ ಹೊರಗೆ ಕಾಲಿಡುವಂತಿಲ್ಲ. ಹುಡುಗ ಪಡಸಾಲೆಯ ಶಹಾಬಾದ ಕಲ್ಲಿನ ತಂಪು ನೆಲದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಗಂಟೆಗಟ್ಟಲೆ ಒಂದು ಆಟದಲ್ಲಿ ಮುಳುಗಿರುತ್ತಿದ್ದ. ಬಂದೂಕು ಹಾರಿಸುವ ಆಟವಿರಬೇಕೆಂದು ಮೊದಮೊದಲು ನಾನು ಗೊಣಗಿದೆ. ಹತ್ತಿರ ಹೋಗಿ ನೋಡಿದರೆ ಪರದೆಯ ತುಂಬ ಭೂಪಟ! ಒಂದೊಂದು ರಾಜ್ಯಕ್ಕೆ ಒಂದೊಂದು ಬಣ್ಣ.

ಆ ಆಟದ ಹೆಸರು ‘ಯುರೋಪಾ ಯೂನಿವರ್ಸಾಲಿಸ್’, ನಾಲ್ಕನೆಯ ಭಾಗ. ಸ್ವೀಡನ್ ದೇಶದ ಪ್ಯಾರಡಾಕ್ಸ್ ಸಂಸ್ಥೆ ಅದನ್ನು 2013ರಲ್ಲಿ ಹೊರತಂದಿತು. ಆಟದ ಕಾಲ 1444ರ ನವೆಂಬರ್ 11ಕ್ಕೆ ಆರಂಭವಾಗಿ 1821ಕ್ಕೆ ಮುಗಿಯುತ್ತದೆ. ಆಡುವವನು ಜಗತ್ತಿನ ಯಾವುದಾದರೊಂದು ರಾಜ್ಯವನ್ನು ಆರಿಸಿಕೊಂಡು ತೆರಿಗೆ, ಸೈನ್ಯ, ವ್ಯಾಪಾರ, ಸಂಧಾನ ಎಲ್ಲವನ್ನೂ ತಾನೇ ನಡೆಸಬೇಕು. ನಮ್ಮ ಹುಡುಗ ಆರಿಸಿಕೊಂಡದ್ದು ಕೊರಿಯಾ. ಅದರ ಉತ್ತರಕ್ಕೆ ಬೇರೆ ಬೇರೆ ಬಣ್ಣದ ಮೂರು ತುಂಡುಗಳಿದ್ದವು. "ಇವರು ಯಾರಪ್ಪ?" ಎಂದು ಕೇಳಿದೆ. "ಜುರ್ಚೆನ್ ಅಂತ ಬುಡಕಟ್ಟು ಮಾಮ. ಸುಮ್ಮನೆ ಕಾಟ ಕೊಡ್ತಾರೆ. ಮೊದಲು ಇವರನ್ನ ಮುಗಿಸಿಬಿಡಬೇಕು" ಎಂದ.

ಹುಡುಗ ಕೆಟ್ಟವನಲ್ಲ. ಆಟ ಅವನಿಗೆ ಹಾಗೆ ಕಲಿಸಿತ್ತು. ಆದರೆ ಆ ಒಂದು ಮಾತು ನನ್ನ ತಲೆಯಲ್ಲಿ ಉಳಿಯಿತು. ಚರಿತ್ರೆಯಲ್ಲಿ ಯಾರು ರಾಜ್ಯ, ಯಾರು ಬುಡಕಟ್ಟು, ಯಾರು ಆಳುವವರು, ಯಾರು ‘ಕಾಟ ಕೊಡುವವರು’ ಎಂಬ ತೀರ್ಮಾನವನ್ನು ಮಾಡುವವರು ಯಾರು? ಈ ಪ್ರಶ್ನೆಯನ್ನೇ ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ಕಿರುತೆರೆಯ ಮೇಲಾದರೆ ಭೂಪಟವನ್ನು ತೋರಿಸಿ ಮಾತನಾಡಬಹುದಿತ್ತು. ಇಲ್ಲಿ ಪುಟದ ಮೇಲೆ ಅದನ್ನು ನೀವೇ ಮನಸ್ಸಿನಲ್ಲಿ ಬಿಡಿಸಿಕೊಳ್ಳಬೇಕು.

ಮೊದಲು ಕೊರಿಯಾದ ಉತ್ತರದ ಗಡಿಗೆ ಹೋಗೋಣ. ಯಾಲು ಮತ್ತು ಟ್ಯುಮೆನ್ ಎಂಬ ಎರಡು ನದಿಗಳು. ದಕ್ಷಿಣಕ್ಕೆ 918ರಲ್ಲಿ ಸ್ಥಾಪನೆಯಾದ ಗೊರ್ಯೊ ರಾಜ್ಯ, ಉತ್ತರದ ಕಾಡುಬೆಟ್ಟಗಳಲ್ಲಿ ಜುರ್ಚೆನ್ ಜನ. ಇವರು ಬೇಸಾಯ ಮಾಡುತ್ತಿದ್ದರು, ಹಂದಿ ಸಾಕುತ್ತಿದ್ದರು, ಬೇಟೆಯಾಡುತ್ತಿದ್ದರು, ಕುದುರೆ ಮತ್ತು ತುಪ್ಪಳು ಚರ್ಮಗಳನ್ನು ಮಾರಿ ಧಾನ್ಯ, ಬಟ್ಟೆ ಕೊಳ್ಳುತ್ತಿದ್ದರು. 1107ರಲ್ಲಿ ಗೊರ್ಯೊದ ಸೇನಾಪತಿ ಯುನ್ ಗ್ವಾನ್ ಇವರ ಮೇಲೆ ದಂಡೆತ್ತಿ ಹೋಗಿ ಒಂಬತ್ತು ಕೋಟೆಗಳನ್ನು ಕಟ್ಟಿದ. ಉಳಿಸಿಕೊಳ್ಳಲು ಆಗಲಿಲ್ಲ, 1109ರಲ್ಲಿ ಆ ನೆಲವನ್ನು ಅವರಿಗೇ ಹಿಂದಿರುಗಿಸಬೇಕಾಯಿತು. ಅದಾದ ಆರೇ ವರ್ಷಕ್ಕೆ, 1115ರಲ್ಲಿ, ಆಗುಡಾ ಎಂಬ ಜುರ್ಚೆನ್ ನಾಯಕ ಜಿನ್ ಸಾಮ್ರಾಜ್ಯವನ್ನು ಘೋಷಿಸಿದ. 1126ರಲ್ಲಿ ಗೊರ್ಯೊ ಅದರ ಹಿರಿತನವನ್ನು ಒಪ್ಪಿಕೊಂಡಿತು. 1127ರಲ್ಲಿ ಚೀನಾದ ಸೋಂಗ್ ದೊರೆಗಳ ರಾಜಧಾನಿ ಕೈಫೆಂಗ್ ಅವರ ಕೈಗೆ ಬಿತ್ತು. ನಿನ್ನೆಯ ‘ಬುಡಕಟ್ಟು’ ಇಂದಿನ ಸಾಮ್ರಾಟನಾಗಲು ಇಪ್ಪತ್ತು ವರ್ಷ ಸಾಕಾಯಿತು.

1234ರಲ್ಲಿ ಮಂಗೋಲರು ಜಿನ್ ಸಾಮ್ರಾಜ್ಯವನ್ನು ಮುಗಿಸಿದರು. ಜನ ಮುಗಿಯಲಿಲ್ಲ. 1392ರಲ್ಲಿ ಕೊರಿಯಾದಲ್ಲಿ ಜೋಸೆನ್ ರಾಜವಂಶವನ್ನು ಕಟ್ಟಿದ ಯಿ ಸಾಂಗ್‌ಗ್ಯೆಯ ಆಪ್ತ ಸೇನಾನಿಗಳಲ್ಲಿ ಯಿ ಜಿರಾನ್ ಎಂಬವನು ಹುಟ್ಟಿನಿಂದ ಜುರ್ಚೆನ್. ಮುಂದೆ ದೊರೆ ಸೇಜೋಂಗ್, ಅಂದರೆ 1443ರಲ್ಲಿ ಕೊರಿಯಾದ ಲಿಪಿಯನ್ನು ರೂಪಿಸಿದ ಆ ಮಹನೀಯನೇ, ಟ್ಯುಮೆನ್ ದಂಡೆಯಲ್ಲಿ ಆರು ಕಾವಲು ಠಾಣೆಗಳನ್ನು ಸ್ಥಾಪಿಸಿದ. ಅದೇ ಹೊತ್ತಿಗೆ ಜುರ್ಚೆನ್ ನಾಯಕರಿಗೆ ಬಿರುದು, ಉಡುಗೊರೆ, ವ್ಯಾಪಾರದ ಅನುಮತಿ ಕೊಟ್ಟು ಸಂಬಂಧವನ್ನು ಉಳಿಸಿಕೊಳ್ಳುವುದು ಜೋಸೆನ್ ಅರಮನೆಯ ಪದ್ಧತಿಯಾಗಿತ್ತು. ಗಡಿ ಎಂಬುದು ಗೆರೆಯಾಗಿರಲಿಲ್ಲ, ಒಂದು ವ್ಯವಹಾರವಾಗಿತ್ತು.

ಇದನ್ನೆಲ್ಲ ಆಟ ಹೇಗೆ ತೋರಿಸುತ್ತದೆ? ಕೊರಿಯಾಕ್ಕೆ ರಾಜಪ್ರಭುತ್ವ, ಜುರ್ಚೆನರಿಗೆ ಹುಲ್ಲುಗಾವಲಿನ ದಂಡಿನ ಆಳ್ವಿಕೆ. ದಂಡಿನವರು ಗೆದ್ದ ಸೀಮೆಯನ್ನು ಸೂರೆಮಾಡಿದರೆ ಲಾಭ ಎಂಬ ನಿಯಮವೂ ಇದೆ. ಹೊಲ ಉಳುತ್ತಿದ್ದ ಕಾಡಿನ ಜನ ಹೀಗೆ ಸೂರೆಗಾರರಾಗಿಬಿಟ್ಟರು. ಹಾಗೆಂದು ಆಟ ಮಾಡಿದವರನ್ನು ಬಯ್ಯುವುದು ನನ್ನ ಉದ್ದೇಶವಲ್ಲ. ಸರಳಗೊಳಿಸದೆ ಆಟವನ್ನು ಕಟ್ಟಲಾಗದು; ಚದುರಂಗದ ಆನೆ ನಿಜವಾದ ಆನೆಯಂತೆ ನಡೆಯುವುದಿಲ್ಲ. ತಿದ್ದಿಕೊಳ್ಳುವ ಪ್ರಯತ್ನವೂ ನಡೆದಿದೆ. 2017ರಲ್ಲಿ ಇದೇ ಆಟಕ್ಕೆ ಕಪ್ಪ ಕೊಡುವ ಸಾಮಂತರ ನಿಯಮ ಸೇರಿತು. ‘ಏಜ್ ಆಫ್ ಎಂಪೈರ್ಸ್’ ಎರಡನೆಯ ಭಾಗದಲ್ಲಿ ಕೊರಿಯನ್ನರು 2000ದಲ್ಲೇ ಬಂದಿದ್ದರು; ಜುರ್ಚೆನರು ಬರಲು 2025 ಆಗಬೇಕಾಯಿತು. ನೆರೆಯವನಿಗಿಂತ 25 ವರ್ಷ ತಡ! ಇದಕ್ಕೆ ಒಂದು ಕಾರಣವೂ ಇದೆ. ಜುರ್ಚೆನರ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಹೆಚ್ಚಿನದು ಕೊರಿಯಾ ಮತ್ತು ಚೀನಾದ ಆಸ್ಥಾನಗಳು ಬರೆದಿಟ್ಟದ್ದು. ಅವರದೇ ಲಿಪಿ ಇತ್ತು, ಆದರೆ ಅದರಲ್ಲಿ ಉಳಿದು ಬಂದ ಬರಹ ಬಹಳ ಕಡಿಮೆ.

ದೂರದ ಮಾತು ಸಾಕು, ನಮ್ಮ ಮನೆಯ ಕಡೆ ತಿರುಗೋಣ. ಇದೇ ಆಟಗಳಲ್ಲಿ ನಾವು ಹೇಗೆ ಕಾಣುತ್ತೇವೆ?

‘ಏಜ್ ಆಫ್ ಎಂಪೈರ್ಸ್’ನಲ್ಲಿ 2013ರಲ್ಲಿ ಇಡೀ ಭಾರತಕ್ಕೆ ‘ಇಂಡಿಯನ್ಸ್’ ಎಂಬ ಒಂದೇ ಹೆಸರಿತ್ತು. 2022ರಲ್ಲಿ ಅದನ್ನು ಒಡೆದು ಹಿಂದೂಸ್ತಾನಿ, ಬಂಗಾಳಿ, ಗುರ್ಜರ, ದ್ರಾವಿಡ ಎಂದು ವಿಂಗಡಿಸಿದರು. ನಾವು ದ್ರಾವಿಡರ ಪಾಲಿಗೆ ಬಂದೆವು. ಆ ಪಾಲಿನ ವಿಶೇಷವೆಂದರೆ ಉರುಮಿ ಕತ್ತಿಯ ಕಾಲಾಳುಗಳು, ದೊಡ್ಡ ಹಡಗುಗಳು. ಕುದುರೆ ಪಡೆ ಮಾತ್ರ ದುರ್ಬಲ. ಚೋಳರ ಕಡಲಿಗೆ ಇದು ಒಪ್ಪಬಹುದು. ಆದರೆ ಓದುಗರೇ, ಹೊರ್ಮುಜ್‌ನಿಂದ ಹಡಗಿನಲ್ಲಿ ಬಂದು ಭಟ್ಕಳದಲ್ಲಿ ಇಳಿಯುತ್ತಿದ್ದ ಕುದುರೆಗಳಿಗಾಗಿ ಹೊನ್ನು ಸುರಿದ ವಿಜಯನಗರ, ಕುದುರೆಯ ಬಲದಿಂದಲೇ ನಿಂತ ಕಲಬುರಗಿಯ ಬಹಮನಿಗಳು ಈ ಚಿತ್ರದಲ್ಲಿ ಎಲ್ಲಿದ್ದಾರೆ? ದಖ್ಖನಿನ ಕಪ್ಪು ನೆಲ ಕಡಲತೀರದಲ್ಲಿ ಕರಗಿಹೋಗಿದೆ.

‘ಕ್ರುಸೇಡರ್ ಕಿಂಗ್ಸ್’ ಎಂಬ ಇನ್ನೊಂದು ಆಟ 867ರಿಂದಲೂ ಆರಂಭವಾಗಬಲ್ಲದು. ಆ ವರ್ಷ ನಮ್ಮ ಮಗ್ಗುಲಿನ ಮಳಖೇಡ, ಅಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗ ಪಟ್ಟಕ್ಕೆ ಬಂದು ಐವತ್ತಕ್ಕೂ ಹೆಚ್ಚು ವರ್ಷವಾಗಿತ್ತು. ಕಾಗಿಣಾ ದಂಡೆಯ ಈ ಊರಿನ ದೊರೆಯನ್ನು ಆ ಕಾಲದ ಅರಬ್ಬರ ಬರಹ ಲೋಕದ ನಾಲ್ಕು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿತ್ತು. ಆಟದಲ್ಲಿ ರಾಷ್ಟ್ರಕೂಟರು ಇದ್ದಾರೆ ಎಂಬುದೇ ಸಂತೋಷ. ಆದರೆ ಆ ಆಟದಲ್ಲಿ ಒಬ್ಬ ದೊರೆಗೆ ಒಂದೇ ಧರ್ಮ. ನಮ್ಮ ಅಮೋಘವರ್ಷನಾದರೋ ಜಿನಸೇನಾಚಾರ್ಯರ ಶಿಷ್ಯ. ಅದೇ ದೊರೆ ನಾಡಿನ ಆಪತ್ತು ನೀಗಲೆಂದು ತನ್ನ ಬೆರಳನ್ನು ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದನೆಂದು 871ರ ಸಂಜಾನ್ ತಾಮ್ರಶಾಸನ ಹೇಳುತ್ತದೆ. ಇಂಥ ಮನುಷ್ಯನನ್ನು ಯಾವ ಒಂದು ಖಾನೆಯಲ್ಲಿ ಕೂಡಿಸುವುದು?

ಇನ್ನು ಸುರಪುರಕ್ಕೆ ಬರುತ್ತೇನೆ. ಜುರ್ಚೆನರ ಕಥೆ ಓದುವಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ಅದೇ. ಈಗ ಯಾದಗಿರಿ ಜಿಲ್ಲೆಯಲ್ಲಿರುವ ಸುರಪುರ, ವಾಗಿನಗೇರಾಗಳ ಬೇಡ ನಾಯಕರು ಬಿಜಾಪುರದ ಆದಿಲಶಾಹಿಗಳ ಸೇವೆಯಲ್ಲಿದ್ದವರು. ಬಂದೂಕಿನ ಗುರಿಗೆ ಹೆಸರಾದ ಕಾಲಾಳುಗಳು. 1686ರಲ್ಲಿ ಬಿಜಾಪುರ ಬಿದ್ದ ಮೇಲೆ ಅವರು ಮೊಗಲರಿಂದ ಮನ್ಸಬನ್ನೂ ಪಡೆದರು, ಮೊಗಲರ ವಿರುದ್ಧವೂ ನಿಂತರು. 1705ರಲ್ಲಿ 86 ವರ್ಷದ ಔರಂಗಜೇಬ ತಾನೇ ಬಂದು ವಾಗಿನಗೇರಾವನ್ನು ಮುತ್ತಿದ. ಅವನು ಸ್ವತಃ ನಡೆಸಿದ ಕೊನೆಯ ಮುತ್ತಿಗೆ ಅದು. ಸುಮಾರು ಮೂರು ತಿಂಗಳ ನಂತರ ಕೋಟೆ ಸಿಕ್ಕಿತು, ನಾಯಕ ಸಿಗಲಿಲ್ಲ. ರಾತ್ರೋರಾತ್ರಿ ತನ್ನವರೊಂದಿಗೆ ಹೊರಟುಹೋಗಿದ್ದ. ಔರಂಗಜೇಬ 1707ರಲ್ಲಿ ತೀರಿಕೊಂಡ. ಸುರಪುರ ಸಂಸ್ಥಾನ ರಾಜಾ ವೆಂಕಟಪ್ಪ ನಾಯಕನ 1858ರ ಹೋರಾಟದವರೆಗೂ ಬಾಳಿತು. ಇವರ ಕಥೆಯನ್ನೂ ನಾವು ಬಹುಮಟ್ಟಿಗೆ ಓದಿದ್ದು ಮೊಗಲರ ಬರಹದಲ್ಲಿ, ಆಮೇಲೆ 1841ರಲ್ಲಿ ಅಲ್ಲಿಗೆ ಬಂದ ಮೆಡೋಸ್ ಟೇಲರನಂಥ ಇಂಗ್ಲಿಷ್ ಅಧಿಕಾರಿಗಳ ಬರಹದಲ್ಲಿ. ಅಂದರೆ ಇಲ್ಲಿಯೂ ಲೇಖನಿ ನೆರೆಯವನ ಕೈಯಲ್ಲಿ.

ಮತ್ತೆ ನಮ್ಮ ಪಡಸಾಲೆಗೆ. ಒಂದು ದಿನ ಕರೆಂಟು ಹೋಗಿ ಲ್ಯಾಪ್‌ಟಾಪ್ ಆರಿಹೋಯಿತು. ಬೇಸರಗೊಂಡ ಹುಡುಗನಿಗೆ, "ನಾವೇ ಒಂದು ಆಟ ಮಾಡೋಣ ಬಾ" ಎಂದೆ. ಶಹಾಬಾದ ಕಲ್ಲು ಹಾಸಿದ ನೆಲ ಅಂದರೆ ಚೌಕ ಚೌಕವಾದ ಸಿದ್ಧ ಭೂಪಟ. ಸೀಮೆಸುಣ್ಣದಿಂದ ಭೀಮಾ, ಕೃಷ್ಣಾ ಎಳೆದೆವು. ಹುಣಸೆಬೀಜಗಳೇ ಸೈನ್ಯ. ಓಣಿಯ ಮಕ್ಕಳು ಸೇರಿದರು. ಒಬ್ಬ ಬಿಜಾಪುರ, ಒಬ್ಬ ಮೊಗಲ, ಪಕ್ಕದ ಮನೆಯ ಹುಡುಗಿಗೆ ಸುರಪುರ. ನಿಯಮ ಬರೆದದ್ದು ನನ್ನ ಅಳಿಯ, ತನ್ನ ಆಟ ನೋಡಿಯೇ: ರಾಜ್ಯದವರು ತೆರಿಗೆ ಎತ್ತಬಹುದು, ಕೋಟೆ ಕಟ್ಟಬಹುದು, ಬುಡಕಟ್ಟಿನವರು ಲೂಟಿ ಮಾಡಬಹುದು, ಅಷ್ಟೆ.

ಮೂರು ಸುತ್ತು ಆಡಿ ಆ ಹುಡುಗಿ ಬೀಜಗಳನ್ನು ಕೆಳಗಿಟ್ಟಳು. "ನಮಗ ಬರೇ ಲೂಟಿ ಮಾಡೋದೇ ಏನ್ರಿ? ಹೊಲ ಇಲ್ಲೇನು ನಮಗ, ಮನಿ ಇಲ್ಲೇನು?" ಎಂದಳು. ಅವಳ ಮನೆತನದವರೂ ನಾಯಕರೇ. ನಾನು ಒಂದು ಕ್ಷಣ ತಲೆ ಎತ್ತಲಿಲ್ಲ. ಆಟವೆಂದು ಹಗುರವಾಗಿ ತೆಗೆದುಕೊಂಡಿದ್ದೆ. ಆ ಮಗುವಿಗೆ ಅದು ತನ್ನ ಅಜ್ಜಂದಿರ ಬಗ್ಗೆ ಯಾರೋ ಬರೆದಿಟ್ಟ ತೀರ್ಪಾಗಿತ್ತು.

ನಿಯಮಗಳನ್ನು ಅಳಿಸಿದೆವು. ಹೊಸದಾಗಿ ಮೂರೇ ಮಾತು ಬರೆದೆವು. ಒಂದು, ಗಡಿಯ ಚೌಕದಲ್ಲಿ ಇಬ್ಬರ ಬೀಜಗಳು ಒಟ್ಟಿಗೆ ಇರಬಹುದು. ತೆರಿಗೆ ಒಬ್ಬನಿಗೆ, ಕಾವಲು ಇನ್ನೊಬ್ಬನಿಗೆ. ಎರಡು, ನಾಯಕನು ಬಿರುದು ಪಡೆದು ಸೇವೆಗೆ ಸೇರಬಹುದು, ಸೇವೆ ಬಿಡಲೂಬಹುದು. ಬಿಟ್ಟರೆ ಇಬ್ಬರಿಗೂ ನಷ್ಟ. ಮೂರು, ಕೋಟೆ ಕಳೆದುಕೊಂಡವನು ಆಟ ಕಳೆದುಕೊಂಡಂತಲ್ಲ. ಜನರನ್ನು ಕರೆದುಕೊಂಡು ಪಕ್ಕದ ಚೌಕಕ್ಕೆ ಹೋಗಬಹುದು. ಸಂಜೆಯವರೆಗೂ ಆಟ ನಡೆಯಿತು. ಮೊಗಲನಾಗಿದ್ದ ಹುಡುಗ ತನ್ನ ಬೀಜಗಳನ್ನೆಲ್ಲ ಸುರಿದು ವಾಗಿನಗೇರಾದ ಚೌಕ ಗೆದ್ದ. ನೋಡಿದರೆ ಅದು ಖಾಲಿ! ಅವಳು ಆಗಲೇ ಕೃಷ್ಣೆಯ ಕಡೆ ಜರುಗಿದ್ದಳು. ಎಲ್ಲರೂ ನಕ್ಕರು. 1705ರ ಕಥೆಯನ್ನು ನಾನು ಅವರಿಗೆ ಹೇಳಿದ್ದು ಆಮೇಲೆ.

ಇಷ್ಟು ಚಿಕ್ಕ ಬದಲಾವಣೆಯಿಂದ ಆಟ ಕೆಡಲಿಲ್ಲ, ರುಚಿ ಹೆಚ್ಚಿತು. ಗಡಿಯ ಜನರನ್ನು ಯಾವ ಬಣ್ಣದಲ್ಲಿ ತೋರಿಸಬೇಕೆಂಬುದಕ್ಕಿಂತ, ಅವರಿಗೆ ಏನೇನು ಮಾಡಲು ಅವಕಾಶವಿದೆ ಎಂಬುದೇ ಮುಖ್ಯ. ನಿಯಮದಲ್ಲಿ ಲೂಟಿಯೊಂದೇ ಇದ್ದರೆ ಎಂಥ ಸಜ್ಜನನೂ ಲೂಟಿಗಾರನಾಗುತ್ತಾನೆ. ಜುರ್ಚೆನರಿಗೂ ಇದೇ ಮಾತು, ಸುರಪುರದವರಿಗೂ ಇದೇ ಮಾತು.

ಓದುಗರೇ, ನಮ್ಮ ಸೀಮೆಯನ್ನೇ ನೋಡಿ. ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು, ಬಹಮನಿಗಳು, ಮೊಗಲರು, ನಿಜಾಮರು. 1948ರಲ್ಲಿ ಭಾರತ, 1956ರಲ್ಲಿ ಕನ್ನಡನಾಡು. ಭೂಪಟದ ಬಣ್ಣ ಎಷ್ಟು ಸಲ ಬದಲಾಯಿತು! ಕೆಳಗೆ ಗೌಡ, ಕುಲಕರ್ಣಿ, ತಳವಾರ, ಒಕ್ಕಲಿಗ ಅದೇ ತೊಗರಿಯ ಹೊಲದಲ್ಲಿ ಬಾಳಿದರು. ಈ ಕಥೆಯನ್ನು ಸ್ಟಾಕ್‌ಹೋಮಿನಲ್ಲಿ ಕುಳಿತವರು ತಾವಾಗಿ ಹೇಳಲಾರರು. ಅವರಿಗೆ ಸಿಗುವುದು ಅಚ್ಚಾದ ಇಂಗ್ಲಿಷ್ ಪುಸ್ತಕ. ನಮ್ಮ ಶಾಸನಗಳನ್ನು, ನಾಡಗೌಡರ ದಫ್ತರಗಳನ್ನು, ಅಜ್ಜಿಯರ ಬಾಯಲ್ಲಿರುವ ಕಥೆಗಳನ್ನು ಬರೆದಿಡುವ ಕೆಲಸ ನಮ್ಮದು. ಗಣಕ ಬಲ್ಲ ನಮ್ಮ ಮಕ್ಕಳು ಅದರಿಂದ ಆಟಗಳನ್ನೂ ಕಟ್ಟಬಲ್ಲರು.

ನಿಮ್ಮ ಮನೆಯ ಮಕ್ಕಳು ಇಂಥ ಆಟ ಆಡುತ್ತಿದ್ದರೆ ಬಯ್ಯಬೇಡಿ. ಪಕ್ಕದಲ್ಲಿ ಕುಳಿತು ಒಂದೇ ಪ್ರಶ್ನೆ ಕೇಳಿ: "ಆ ಗೆರೆಯ ಆಚೆ ಇರುವವರ ಕಡೆಯಿಂದ ಒಮ್ಮೆ ಆಡಿ ನೋಡ್ತೀಯಾ?" ನನ್ನ ಅಳಿಯ ಊರಿಗೆ ಹೊರಡುವ ಮುನ್ನಾದಿನ ಹೊಸ ಆಟ ಶುರುಮಾಡಿದ್ದ. ಈ ಸಲ ಅವನು ಆರಿಸಿಕೊಂಡದ್ದು ಕೊರಿಯಾ ಅಲ್ಲ, ಜುರ್ಚೆನ್.